ಇಂದಿನ ದಾಸೋಹ

ಕೆಲಸ ಕೊಡುವವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಜಯನಗರದ ಕಾಫಿ ಅಂಗಡಿಯವನು ಲಿಖಿತಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೆಳಗ್ಗೆಯಿಂದಲೇ ಬರುವುದಾದರೆ ಬಾ ಎಂದ. ಬೆಳಗ್ಗೆಯಿಂದ ಬರುವ ಹಾಗಿದ್ದರೆ ಕಾಲೇಜು ಸೇರಿದ್ದಾದರೂ ಯಾಕೆ, ಮಹಾರಾಯ? ಬಿಟಿಎಂ ಲೇಔಟಿನ ಕಾಲ್ ಸೆಂಟರಿನವನಿಗೆ ಎರಡು ವರ್ಷದ ಅನುಭವ ಬೇಕಿತ್ತು. ಪಾರ್ಸೆಲ್ ಹಂಚುವುದಕ್ಕೆ ಸ್ಕೂಟರ್ ಬೇಕಿತ್ತು. ಜೆ.ಪಿ. ನಗರದ ಮೇಡಂ ಒಬ್ಬರು ಮಗನ ಟ್ಯೂಷನ್ನಿಗೆಂದು ಕರೆಸಿ, ಇವಳ ಇಂಗ್ಲಿಷ್ ಕೇಳಿ, ಕುಡಿಯಲು ನೀರು ಕೊಟ್ಟು ಕಳಿಸಿದರು. ಹೆಂಗಸರಿಗೆ ಬಸ್ಸು ಫ್ರೀ ಆಗಿರದಿದ್ದರೆ ಹುಡುಕುವುದಕ್ಕೂ ಗತಿ ಇರುತ್ತಿರಲಿಲ್ಲ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಗಾಡಿ ಇಟ್ಟುಕೊಂಡ ಕೊಟ್ರಪ್ಪನ ಮಗಳು ಅವಳು. ಬಿ.ಕಾಂ. ಕೊನೆಯ ವರ್ಷ. ಈ ವರ್ಷದ ಫೀಸು ತನ್ನ ಕೈಲಾಗುವುದಿಲ್ಲ, ಊರಿಗೆ ಬಂದುಬಿಡವ್ವ ಎಂದು ಅಪ್ಪ ಹೇಳಿಯಾಗಿತ್ತು. ದಸರಾ ಒಳಗೆ ಫೀಸು ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲವೆಂದು ಕಾಲೇಜಿನವರೂ ಹೇಳಿಯಾಗಿತ್ತು. ಸಂಜೆಯ ಹೊತ್ತಿಗೊಂದು ಕೆಲಸ ಸಿಕ್ಕರೆ ಡಿಗ್ರಿ, ಸಿಗದಿದ್ದರೆ ಗಂಟುಮೂಟೆ. ಇಷ್ಟೇ ಅವಳ ಲೆಕ್ಕ.

ಊಟ ವಸತಿಗೆ ಮಾತ್ರ ಚಿಂತೆ ಇರಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮವರದೇ ಉಚಿತ ಪ್ರಸಾದ ನಿಲಯ, ಹುಡುಗಿಯರದು. ಅಲ್ಲೊಂದು ಪದ್ಧತಿ. ಊಟಕ್ಕೆ ಕೂತ ಮೇಲೆ, ಸರದಿಯಿದ್ದ ಹುಡುಗಿ ಎದ್ದು ನಿಂತು ಆ ದಿನದ ಅನ್ನ ಯಾರದೆಂದು ಹೇಳಬೇಕು. ಇಂದಿನ ದಾಸೋಹ ಇಂಥವರ ಸೇವೆ ಎಂದಾಗ ಉಳಿದವರೆಲ್ಲ ಶರಣು ಎನ್ನಬೇಕು. ಅದಾದ ಮೇಲೆಯೇ ತಟ್ಟೆಗೆ ಕೈ. ದಾನಿಗಳು ಬಂದಿದ್ದರೆ ತಾವೇ ಸೌಟು ಹಿಡಿದು ಬಡಿಸುತ್ತಾರೆ.

ಶ್ರಾವಣದ ಸೋಮವಾರಗಳ ದಾಸೋಹವೆಲ್ಲ ಪರಮಶಿವಯ್ಯನವರದು. ಜಯನಗರದಲ್ಲಿ ಮೂರು ಅಂತಸ್ತಿನ ಸೀರೆ ಅಂಗಡಿ, ಹಣೆಯ ತುಂಬ ವಿಭೂತಿ, ಮಾತೆತ್ತಿದರೆ ಕಾಯಕ. ಮೊದಲನೇ ಸೋಮವಾರ ಪಾಯಸದ ಬಕೆಟ್ ಹಿಡಿದು ಬಂದು, ಯಾವೂರು, ಯಾವ ಮಠದ ಭಕ್ತರು ಎಂದು ವಿಚಾರಿಸಿದರು. ಲಿಖಿತಾ ಹೇಳಿದಳು. ಹೇಳಿದ ಧೈರ್ಯದಲ್ಲೇ ಕೆಲಸವನ್ನೂ ಕೇಳಿಬಿಟ್ಟಳು.

"ನಾಳೆಯಿಂದ್ಲೇ ಬಾರಮ್ಮ. ನಮ್ಮ ಹುಡುಗಿ ನೀನು," ಎಂದರು ಪರಮಶಿವಯ್ಯ. ವಾರ್ಡನ್ ಕಮಲಾದೇವಿಯವರಿಗೂ, ಇವಳು ಸಂಜೆ ತಡವಾಗಿ ಬಂದರೆ ಗೇಟು ತೆಗೆಯಿರಿ ಎಂದು ಅಲ್ಲೇ ಹೇಳಿದರು. ಆ ರಾತ್ರಿ ಲಿಖಿತಾಳಿಗೆ ಪಾಯಸ ಎಂಥ ರುಚಿ ಎನಿಸಿತೆಂದರೆ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸಂಬಳ ಎಷ್ಟು ಎಂದು ಅವಳು ಕೇಳಲಿಲ್ಲ. ತಪ್ಪಾದದ್ದು ಅಲ್ಲೇ. ಕಾಫಿ ಅಂಗಡಿಯವನನ್ನು ಎರಡನೇ ಮಾತಿಗೇ ಕೇಳಿದ್ದಳು, ಕಾಲ್ ಸೆಂಟರಿನವನ ಹತ್ತಿರ ಚೌಕಾಸಿಯನ್ನೇ ಮಾಡಿದ್ದಳು. ಆದರೆ ನಮ್ಮವರು ಎಂದ ಕೂಡಲೇ ನಮ್ಮ ಜನದ ನಾಲಿಗೆ ಬಿದ್ದುಹೋಗುತ್ತದೆ. ಫೋನಿನಲ್ಲಿ ಅಪ್ಪನೂ ಅದನ್ನೇ ಹೇಳಿದ: "ನಮ್ಮೋರ ಅಂಗಡಿ ಅಂತೀ. ರೊಕ್ಕದ ಮಾತು ನೀನಾಗೇ ಎತ್ತಬ್ಯಾಡವ್ವ. ಅವರೇ ಕೊಡ್ತಾರ."

ಹೋದ ದಿನವೇ ಫ್ಲೋರ್ ಮ್ಯಾನೇಜರ್ ಭೀಮೇಶ್, ಒಂದು ವಾರ ಟ್ರಯಲ್ ಎಂದ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ಗಿರಾಕಿಗಳು ಇಪ್ಪತ್ತು ಸೀರೆ ಬಿಚ್ಚಿಸಿ, ಒಂದು ಕೊಂಡು, ಉಳಿದದ್ದನ್ನು ಗುಡ್ಡೆ ಬಿಟ್ಟು ಹೋಗುತ್ತಿದ್ದರು. ಆ ಗುಡ್ಡೆ ಕರಗಿಸುವುದು ಟ್ರಯಲ್ ಹುಡುಗಿಯರ ಕೆಲಸ. ಅಂಚಿಗೆ ಅಂಚು ಕೂಡಿಸಿ, ಜರಿ ಮುರಿಯದ ಹಾಗೆ, ಹಳೇ ಮಡಿಕೆಯ ಮೇಲೇ ಮಡಿಕೆ ಬರುವ ಹಾಗೆ ಮಡಿಸಬೇಕು. ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಸಂಬಳದವರಿಗೆ ಒಂದೇ ಬಣ್ಣದ ಸೀರೆ, ಟ್ರಯಲ್‌ನವರಿಗೆ ತಮ್ಮ ತಮ್ಮ ಚೂಡಿದಾರ. ಕಾಲೇಜು ಮುಗಿಸಿ ಓಡಿ ಬಂದು ಅಂಗಡಿಯ ದೀಪ ಆರುವವರೆಗೂ ನಿಂತು, ಲಿಖಿತಾ ಹಾಸ್ಟೆಲ್ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದಳು. ಪರವಾಗಿಲ್ಲ ಎಂದುಕೊಂಡಳು. ಭಾನುವಾರವಂತೂ ಬೆಳಗ್ಗೆಯಿಂದಲೇ ನಿಂತಳು. ಕೈ ಚುರುಕಾಗಿದೆ, ಇವರು ಬಿಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಎರಡನೇ ಸೋಮವಾರ ಟ್ರಯಲ್ ಮುಗಿಯಿತು. ಅವತ್ತು ಬೇಗನೇ ಬಿಟ್ಟರು. ಫೋನ್ ಮಾಡ್ತೀವಿ ಎಂದ ಭೀಮೇಶ್, ಅವಳ ಮುಖ ಕೂಡ ನೋಡಲಿಲ್ಲ. ನಾಳೆ ಬರುವ ಹೊಸ ಹುಡುಗಿಯರಿಗೆ ಜಾಗ ಗೊತ್ತುಮಾಡುವ ಗಡಿಬಿಡಿಯಲ್ಲಿದ್ದ.

ಮೆಟ್ಟಿಲ ಕೆಳಗೆ ಟೀ ಕುಡಿಯುತ್ತ ನಿಂತಿದ್ದ ಚೂಡಾಮಣಿ ಅವಳನ್ನು ಪಕ್ಕಕ್ಕೆ ಕರೆದಳು. ರೇಷ್ಮೆ ಸೀರೆ ವಿಭಾಗದ ಹಳೇ ಹೆಂಗಸು, ಸಿದ್ದಾಪುರದವಳು. "ಫೋನ್ ಬರತ್ತೆ ಅಂತ ಕಾಯ್ಬೇಡ ಕಣಮ್ಮ," ಎಂದಳು. "ಮಡಿಸೋ ಕೆಲ್ಸಕ್ಕೆ ಇಲ್ಲಿ ಸಂಬಳ ಕೊಟ್ಟು ಯಾರನ್ನೂ ಇಟ್ಟೇ ಇಲ್ಲ. ಹಬ್ಬ ಬಂದ್ರೆ ಟ್ರಯಲ್, ವಾರ ಮುಗಿದ್ರೆ ಮನೆಗೆ. ಯುಗಾದಿಗೆ ನಿಮ್ಮ ಹಾಸ್ಟೆಲ್ ಮೇಘಶ್ರೀನೂ ಹೀಗೇ ಹೋದ್ಲು."

ಮೇಘಶ್ರೀ ಲಿಖಿತಾಳ ರೂಮ್‌ಮೇಟ್. ಒಂದು ಮಾತು ಹೇಳಿರಲಿಲ್ಲ.

ಲಿಖಿತಾ ನೆಟ್ಟಗೆ ಕ್ಯಾಶ್ ಕೌಂಟರಿನ ಹಿಂದಿನ ರೂಮಿಗೆ ಹೋದಳು. ವಾರವಿಡೀ ದುಡಿದಿದ್ದೇನೆ ಎಂದಳು. ಪರಮಶಿವಯ್ಯನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ಚೆನ್ನಾಗಿತ್ತು. ದುಡಿದೆ ಅನ್ನಬಾರದು, ಕಲಿತೆ ಅನ್ನಬೇಕು, ಕಾಯಕ ಎಂದರೆ ಅದೇ ಎಂದು ನಗುನಗುತ್ತಲೇ ತಿದ್ದಿದರು. ಒಂದು ವಾರ ಬಿಟ್ಟಿ ಚಾಕರಿ ಮಾಡಿಸಿಕೊಂಡವನು ವ್ಯಾಕರಣ ತಿದ್ದುವುದೆಂದರೆ! ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದರು.

"ನೀನು ಚುರುಕಿದೀಯ. ನಿನ್ನನ್ನ ಪರ್ಮನೆಂಟ್ ಮಾಡ್ಕೋತೀನಿ, ಸಂಬಳ ಕೊಟ್ಟು. ಸಂಜೆ ಹೊತ್ತು ಮಾತ್ರ ಬಾ. ಗೌರಿ ಹಬ್ಬ, ದಸರಾ, ದೀಪಾವಳಿ ಸಾಲಾಗಿ ಬರ್ತಿವೆ. ಹಾಸ್ಟೆಲ್‌ನಿಂದ ಹುಡುಗೀರನ್ನ ಟ್ರಯಲ್‌ಗೆ ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ. ಹೊರಗಿನೋರು ಸಂಬಳ ಅಂತ ಗಲಾಟೆ ಮಾಡ್ತಾರೆ. ನಮ್ಮ ಹುಡುಗೀರು ಎದುರು ಮಾತಾಡಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿದರು. ರಾತ್ರಿ ದಾಸೋಹಕ್ಕೆ ಹೇಗೂ ಬರುತ್ತೇನೆ, ಅಲ್ಲೇ ಹೇಳು ಎಂದರು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತ ಲಿಖಿತಾಳ ಕಣ್ಣ ಮುಂದೆ ಫೀಸು ಕಟ್ಟಿದ ರಸೀದಿ ಬಂತು, ಹಾಲ್ ಟಿಕೆಟ್ ಬಂತು, ಗಾಡಿಯ ಹತ್ತಿರ ನಿಂತು ನಗುವ ಅಪ್ಪ ಬಂದ. ಯಾರನ್ನು ಮೊದಲು ಕರೆಯಬಹುದು ಎಂದು ಮನಸ್ಸು ತಾನಾಗಿ ಯೋಚಿಸತೊಡಗಿತು. ಮೂಲೆ ರೂಮಿನ ಹೊಸ ಹುಡುಗಿ ಇದ್ದಾಳೆ, ಬಡಪಾಯಿ, ಕರೆದರೆ ಬಂದಾಳು. ಇಷ್ಟು ಯೋಚಿಸಿದ್ದು ತನ್ನದೇ ತಲೆ ಎಂದು ಗೊತ್ತಾದಾಗ ಅವಳಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಬೆವರನ್ನಂತೂ ತೆಗೆದುಕೊಂಡ, ಈಗ ತನ್ನನ್ನೂ ಅವನಂತೆಯೇ ಮಾಡಲು ಹೊರಟಿದ್ದಾನಲ್ಲ!

ರೂಮಿಗೆ ಹೋದವಳೇ ಮೇಘಶ್ರೀಯನ್ನು ಕೇಳಿದಳು, ಯಾಕೆ ಹೇಳಲಿಲ್ಲ ಎಂದು. ಮೇಘಶ್ರೀ ಓದುತ್ತಿದ್ದ ಪುಸ್ತಕ ಮುಚ್ಚಿದಳು. "ನಾನೇ ಸರಿಯಾಗಿ ಮಡಿಸ್ಲಿಲ್ಲ ಅಂದ್ಕೊಂಡಿದ್ದೆ ಕಣೇ," ಎಂದಳು.

ಸಂಬಳ ತಿಂದದ್ದು ಒಂದು, ಹುಡುಗಿಯರು ತಾವೇ ದಡ್ಡಿಯರೆಂದು ನಾಚಿಕೊಂಡು ಬಾಯಿ ಮುಚ್ಚುವಂತೆ ಮಾಡಿದ್ದು ಇನ್ನೊಂದು. ಅದೇ ದೊಡ್ಡ ಕಳ್ಳತನ.

ಊಟದ ಗಂಟೆ ಹೊಡೆಯಿತು. ಪಂಕ್ತಿ ತುಂಬಿತ್ತು. ಬಾಗಿಲ ಹತ್ತಿರ ಕಮಲಾದೇವಿ, ಪಾಯಸದ ಬಕೆಟ್ ಹಿಡಿದು ಪರಮಶಿವಯ್ಯ, ಹಪ್ಪಳದ ಬುಟ್ಟಿ ಹಿಡಿದು ಅವರ ಮನೆಯವರು. ಈ ವಾರದ ಸರದಿ ಲಿಖಿತಾಳ ರೂಮಿನದು. ಅವಳು ಎದ್ದು ನಿಂತಳು. ಪರಮಶಿವಯ್ಯ ಅವಳನ್ನೇ ನೋಡಿ, ಉತ್ತರ ಆಗಲೇ ಸಿಕ್ಕವರ ಹಾಗೆ ತಲೆಯಾಡಿಸಿದರು.

ಈ ಸೂರು ಹೋದರೆ ಬೆಂಗಳೂರಿನಲ್ಲಿ ತನಗೆ ಇನ್ನೊಂದು ಸೂರಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇಂದಿನ ದಾಸೋಹ," ಎಂದಳು ಲಿಖಿತಾ, "ಕೊಟ್ರಪ್ಪನವರ ಮಗಳು ಲಿಖಿತಾಳ ಸೇವೆ. ಜಯನಗರದ ಅಂಗಡಿಯಲ್ಲಿ ಒಂದು ವಾರ ಸೀರೆ ಮಡಿಸಿದೀನಿ. ಸಂಬಳ ಕೊಟ್ಟಿಲ್ಲ. ಆ ದುಡ್ಡಿನ ಅನ್ನ ಇದು."

ಯಾರೂ ಶರಣು ಎನ್ನಲಿಲ್ಲ. ಅಡುಗೆಯವಳು ಅನ್ನದ ಪಾತ್ರೆ ಹಿಡಿದವಳು ಹಾಗೇ ನಿಂತಳು. ನಾಳೆ ಬೆಳಗ್ಗೆ ಆಫೀಸಿಗೆ ಬಾ ಎಂದು ಕಮಲಾದೇವಿ ಹಲ್ಲು ಕಚ್ಚಿ ಹೇಳಿದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.

ಆಗ ಮೇಘಶ್ರೀ ಎದ್ದಳು. "ಯುಗಾದಿಗೆ ನಾನು ಮಡಿಸಿದೀನಿ ಮೇಡಂ. ನನ್ನ ಹೆಸರೂ ಸೇರಿಸ್ಕೊಳ್ಳಿ." ಗೋಡೆ ಪಕ್ಕದಿಂದ ಶಾಂಭವಿ ಎದ್ದಳು. ಹೋದ ದೀಪಾವಳಿಗೆ ತಾನೂ ಎಂದಳು. ಲಿಖಿತಾಳಿಗೆ ಇವಳ ವಿಷಯ ಗೊತ್ತೇ ಇರಲಿಲ್ಲ. ಎಲ್ಲೋ ಹಿಂದಿನಿಂದ ಒಂದು ಸಣ್ಣ ದನಿ, ಮೂಲೆ ರೂಮಿನ ಹುಡುಗಿಯದೇ ಇರಬೇಕು, ಶರಣು ಎಂದಿತು. ಆಮೇಲೆ ಪಂಕ್ತಿಗೆ ಪಂಕ್ತಿಯೇ ಶರಣು ಎಂದಿತು.

ಪರಮಶಿವಯ್ಯ ಮುಖ ಸಣ್ಣಗೆ ಮಾಡಿಕೊಂಡು ಬಡಿಸತೊಡಗಿದರು. ಇಷ್ಟು ಜನರ ಮುಂದೆ ಬಕೆಟ್ ಕೆಳಗಿಟ್ಟು ಹೋಗುವಂತಿರಲಿಲ್ಲ. ಲಿಖಿತಾಳ ತಟ್ಟೆಗೆ ಅರ್ಧ ಸೌಟು ಸುರಿದು, ತಲೆ ಎತ್ತದೆ ಮುಂದೆ ಹೊರಟರು.

ಲಿಖಿತಾ ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ಇನ್ನೊಂದು ಸೌಟು ಹಾಕಿ ಸಾರ್," ಎಂದಳು. "ದುಡಿದಿದೀನಿ."