ಅರಬಾಳ ಎಡಗೆನ್ನೆ

ಎಫುವಾ ಎರಡನೆಯ ಹತ್ತಿಯುಂಡೆಯನ್ನು ತೀರಿಕೊಂಡ ತಾಯಿ ಅರಬಾಳ ಎಡಗೆನ್ನೆಯೊಳಗೆ ತುರುಕುತ್ತಿದ್ದಾಗ ಮಾನ್ಸಾ ಅವಳ ಮುಂಗೈ ಹಿಡಿದಳು.

"ಸಾಕು ಕಣೆ. ಅದು ಇದ್ದ ಹಾಗೇ ಇರ್ಲಿ."

"ಇವತ್ತೊಂದು ದಿನ, ಚಿಕ್ಕವ್ವ. ಇವತ್ತೊಂದು ದಿನ ಜನ ನಮ್ಮವ್ವನ ಮುಖ ನೋಡ್ಲಿ. ಆ ಹಳ್ಳ ಬೇಡ."

ಮಾನ್ಸಾ ಅರಬಾಳ ಒಡಹುಟ್ಟಿದವಳೇನಲ್ಲ. ಅಪಾಮ್‌ನ ಕಡಲದಂಡೆಯಲ್ಲಿ ಮೀನಿಗೆ ಹೊಗೆ ಹಾಕುವ ಅವಳ ಒಲೆಯೂ ಅರಬಾಳ ಒಲೆಯೂ ನಲವತ್ತು ವರ್ಷ ಅಕ್ಕಪಕ್ಕ ಉರಿದಿದ್ದವು. ಅವಳು ಕೈ ಬಿಟ್ಟಳು.

"ನಿನ್ನವ್ವ. ನಿನ್ನಿಷ್ಟ," ಎಂದು ಹೆಣದ ಕೊರಳಿಗೆ ಮಣಿಸರ ತೊಡಿಸತೊಡಗಿದಳು.

ಹತ್ತಿ ತುಂಬಿದ ಮೇಲೆ ಎರಡು ಕೆನ್ನೆಗಳೂ ಸಮನಾದವು.

*

ಹತ್ತೊಂಬತ್ತರ ವಯಸ್ಸಿನಲ್ಲಿ ಅರಬಾಳ ದವಡೆಯಲ್ಲಿ ಕಡಲೆಬೀಜದಷ್ಟು ಗಂಟು ಎದ್ದಿತ್ತು. ನೋವಿರಲಿಲ್ಲ, ನೋಯದ್ದಕ್ಕೆ ಮದ್ದು ಹುಡುಕುವವರು ಯಾರು? ಹಲ್ಲುಗಳು ಸಡಿಲಗೊಂಡು ಅತ್ತಿತ್ತ ವಾಲಿದವು. ಐದಾರು ವರ್ಷಗಳಲ್ಲಿ ಗಂಟು ತೆಂಗಿನಕಾಯಿಯಷ್ಟಾಯಿತು. ಶಾಪ ಎಂದರು, ತಾಯಿ ಕಡೆಯವರ ಮಾಟ ಎಂದರು. ಪೇಟೆಯಲ್ಲಿ ಬಟ್ಟೆ ಮಾರುತ್ತಿದ್ದವಳು ಅದನ್ನು ಬಿಟ್ಟು ಮೀನಿನ ಒಲೆಗೆ ಬಂದಳು. ಅಲ್ಲಿ ಹೊಗೆಗೆ ಹೆದರಿ ಎಲ್ಲ ಹೆಂಗಸರೂ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು.

ಆ ಬಟ್ಟೆ ಬಿಚ್ಚಿಸಿದವಳು ಮಾನ್ಸಾ. "ಒಲೆ ಆರಿ ಎಷ್ಟೊತ್ತಾಯ್ತು. ಇನ್ನೂ ಯಾವ ಹೊಗೆಗೆ ಕಟ್ಕೊಂಡಿದೀಯ?" ಎಂದು ಕೇಳಿದ್ದಳು. ಮರುವಾರ ಇಬ್ಬರೂ ಅಕ್ರಾದ ದೊಡ್ಡಾಸ್ಪತ್ರೆಯಲ್ಲಿದ್ದರು.

"ಇದು ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು. "ಹಲ್ಲು ಮೂಡಿಸೋ ಕಣಗಳು ಕೆಲಸ ಮುಗಿದ ಮೇಲೂ ಸುಮ್ಮನಾಗಿಲ್ಲ, ಗಡ್ಡೆ ಕಟ್ಟಿವೆ. ಮೈಗೆಲ್ಲ ಹರಡೋ ಜಾತಿಯಲ್ಲ. ಆದರೆ ತಾನಾಗಿ ನಿಲ್ಲೋದೂ ಇಲ್ಲ. ಬರೀ ಕೆರೆದು ತೆಗೆದ್ರೆ ಮತ್ತೆ ಬರುತ್ತೆ. ಅರ್ಧ ದವಡೆನೇ ತೆಗೀಬೇಕು."

"ಆಮೇಲೆ ಮಾತಾಡ್ತಾಳಾ?" ಮಾನ್ಸಾ ಕೇಳಿದಳು.

"ಮಾತಾಡ್ತಾಳೆ."

"ಜಗಳ?"

ಡಾಕ್ಟರು ನಕ್ಕರು. ಮತ್ತೆ ಕಟ್ಟಿಕೊಂಡಿದ್ದ ಬಟ್ಟೆಯೊಳಗೆ ಅರಬಾ ಕೂಡ ನಕ್ಕಳು.

ಆಪರೇಷನ್ ಮುಗಿಸಿ ಊರಿಗೆ ಮರಳಿದ ಮೊದಲ ಬೆಳಿಗ್ಗೆ ದೋಣಿಯ ಎಕೋ ಮೀನಿನ ಬುಟ್ಟಿಯನ್ನು ಅವಳ ಮುಂದಿಟ್ಟ. "ಇವತ್ತು ನಾನು ಹೇಳಿದ್ದೇ ರೇಟು. ಚೌಕಾಸಿ ಮಾಡೋಕೆ ನಿನಗೆ ಬಾಯೆಲ್ಲಿದೆ?" ಎಂದ. ಅರಬಾ ಬುಟ್ಟಿಯಲ್ಲಿದ್ದ ಅತಿ ಸಣ್ಣ ಮೀನನ್ನು ಬಾಲ ಹಿಡಿದೆತ್ತಿ ಅವನ ಮೂಗಿನ ಮುಂದೆ ತೂಗಾಡಿಸಿದಳು. ದಂಡೆಯೆಲ್ಲ ನಕ್ಕಿತು. ಮುಂದಿನ ಈಸ್ಟರಿಗೆ ಅವರಿಬ್ಬರ ಮದುವೆಯಾಯಿತು.

ಆಮೇಲೆ ಅವಳೆಂದೂ ಮುಖಕ್ಕೆ ಬಟ್ಟೆ ಕಟ್ಟಲಿಲ್ಲ, ಹೊಗೆಗೆ ಕಣ್ಣೀರು ಸುರಿದರೂ. ದವಡೆ ಊದಿದವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬಂದಾಗ ತನ್ನ ಕೆನ್ನೆ ತೋರಿಸಿ, ಧೈರ್ಯ ಹೇಳಿ, ತಾನೇ ಅಕ್ರಾಕ್ಕೆ ಕರೆದೊಯ್ಯುತ್ತಿದ್ದಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಎಫುವಾ, "ಗೇಟಿನ ಹತ್ರ ಬರಬೇಡವ್ವ," ಎಂದು ಬೇಡಿಕೊಂಡಿದ್ದಳು. ಅಂದಿನಿಂದ ಅರಬಾ ರಸ್ತೆಯಾಚೆಯ ಬೇವಿನ ಮರದ ಕೆಳಗೆ ನಿಂತು ಕಾಯತೊಡಗಿದಳು.

*

ಶೋಕದ ಕೆಂಪು, ಕಪ್ಪು ಬಟ್ಟೆಯುಟ್ಟ ಜನ ಅರಬಾಳನ್ನು ಮಲಗಿಸಿದ್ದ ಹಿತ್ತಾಳೆ ಮಂಚದ ಸುತ್ತ ನಿಧಾನವಾಗಿ ಹಾದುಹೋಗುತ್ತಿದ್ದರು. ಎಕೋ ಕೋಲೂರಿಕೊಂಡು ಬಂದು ಬಹಳ ಹೊತ್ತು ನೋಡಿದ.

"ಚೆನ್ನಾಗಿದ್ದಾಳೆ. ಯಾರ ಮನೆಯವಳು?"

"ಅಪ್ಪಾ, ಇಂಥ ಹೊತ್ತಲ್ಲಿ ತಮಾಷೆನಾ?"

"ತಮಾಷೆ ಅಲ್ಲ ಮಗಳೆ. ಇಷ್ಟು ವರ್ಷ ಅವಳ ಎಡಗಡೆ ಮಲಗಿದವನು ನಾನು. ಈ ಹೆಂಗಸಿನ ಪರಿಚಯ ನಂಗಿಲ್ಲ."

ಎಫುವಾ ಉತ್ತರಿಸುವ ಮುಂಚೆ ಬಾಗಿಲಲ್ಲಿ ಒಬ್ಬ ಯುವತಿ ಬಂದು ನಿಂತಳು. ಶೋಕದ ಬಣ್ಣ ಉಟ್ಟಿರಲಿಲ್ಲ. ಹಸಿರು ವಸ್ತ್ರದಲ್ಲಿ ಕಣ್ಣಷ್ಟೇ ಬಿಟ್ಟು ಮುಖ ಮುಚ್ಚಿಕೊಂಡಿದ್ದಳು. ಹೆಸರು ಅಜೋವಾ. ಉತ್ತರದ ಕಾಡುಸೀಮೆಯಿಂದ ಬಸ್ಸು ಬದಲಿಸುತ್ತ ಬಂದವಳಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ.

"ಅರ್ಧ ದವಡೆಯ ಅಮ್ಮನ್ನ ನೋಡ್ಬೇಕಿತ್ತು," ಎಂದಳು. ಮಾತು ಬಟ್ಟೆಯೊಳಗೇ ತೊದಲಿತು.

ಮಾನ್ಸಾ ಮಂಚದ ಕಡೆ ಕೈ ತೋರಿದಳು. ಅಜೋವಾ ಬಗ್ಗಿ ನೋಡಿ ತಲೆಯಾಡಿಸಿದಳು.

"ಇವರಲ್ಲ. ಅವರ ಕೆನ್ನೆ ಒಳಗೆ ಹೋಗಿದೆ ಅಂದಿದ್ರು. ಮನೆ ತಪ್ಪಿ ಬಂದೆ ಅನ್ಸುತ್ತೆ." ಅವಳು ಹೊರಟೇಬಿಟ್ಟಳು.

"ನಿಲ್ಲಮ್ಮ," ಎಂದಳು ಎಫುವಾ.

ತಾಯಿಯ ಬಾಯಿಗೆ ಬೆರಳು ಹಾಕಿ ಉಂಡೆಗಳನ್ನು ಒಂದೊಂದಾಗಿ ಹೊರತೆಗೆದಳು. ಕೆನ್ನೆ ಮೆಲ್ಲಗೆ ಒಳಸರಿಯಿತು, ತುಟಿ ಒಂದು ಬದಿಗೆ ಎಳೆಯಿತು. ಇನ್ನೇನು ನಗಲಿರುವ ಅರಬಾ ಮಂಚದ ಮೇಲಿದ್ದಳು. ಬೆಳಗಿನಿಂದ ಅಳದ ಎಕೋ ಆಗ ಅತ್ತ.

ಅಜೋವಾ ಬಹಳ ಹೊತ್ತು ಆ ಮುಖವನ್ನೇ ನೋಡಿದಳು. "ಆಪರೇಷನ್ ಆದ್ಮೇಲೆ ಎಷ್ಟು ದಿನ ಬದುಕಿದ್ರು?"

"ನನ್ನ ಹೆತ್ತಿದ್ದೇ ಆಮೇಲೆ," ಎಂದಳು ಎಫುವಾ. "ನನ್ನ ಮಕ್ಕಳನ್ನ ಬೆನ್ನಿಗೆ ಕಟ್ಕೊಂಡು ಆಡಿಸಿದ್ಲು. ಸೋಮವಾರ ನಾವಿಬ್ರೂ ಅಕ್ರಾಕ್ಕೆ ಹೋಗೋಣ."

ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಊಟಕ್ಕೆ ಕೂತರು. ಅಜೋವಾ ತಟ್ಟೆಯಲ್ಲಿದ್ದ ಮೆಕ್ಕೆಜೋಳದ ಹುಳಿಮುದ್ದೆಯನ್ನು ಮುಟ್ಟಲಿಲ್ಲ. ಎಕೋ ಅದನ್ನು ಎತ್ತಿ ಸೋರೆಬುರುಡೆಗೆ ಹಾಕಿ, ನೀರು ಸಕ್ಕರೆ ಬೆರೆಸಿ, ಒಂದು ಗಂಟೂ ಉಳಿಯದಂತೆ ಕಿವುಚಿ ಅವಳ ಮುಂದೆ ಹಿಡಿದ. ಅವಳು ಸುತ್ತ ನೋಡಿದಳು. ಅಂಗಳದ ತುಂಬ ಜನ. ಹಸಿರು ವಸ್ತ್ರವನ್ನು ಕೊರಳಿಗೆ ಇಳಿಸಿ, ಎರಡೂ ಕೈಯಲ್ಲಿ ಬುರುಡೆ ಎತ್ತಿದಳು. ಊದಿದ ದವಡೆಯ ಮೇಲಿಂದ ಬಿಳಿ ಗಂಜಿ ಹರಿದು ಎದೆಗಿಳಿಯಿತು. ಪಕ್ಕದಲ್ಲಿದ್ದ ಮುದುಕಿ ತನ್ನ ಮೀನಿನ ಮುಳ್ಳು ಬಿಡಿಸುತ್ತಲೇ, ಅವಳ ಮೊಣಕೈಗೆ ಜಾಗವಾಗಲೆಂದು ಸ್ವಲ್ಪ ಆಚೆ ಸರಿದು ಕೂತಳು.