ಅಮ್ಮನ ಗೇರು

ಕಲ್ಲಹಳ್ಳಿಯ ಪಂಪಜ್ಜಿಯ ಮನೆಯ ಜೀಪಿನಲ್ಲಿ ಡ್ರೈವರಿನ ಪಕ್ಕಕ್ಕೆ ಮೂರು ಗೇರುಕಡ್ಡಿಗಳಿದ್ದವು. ಉದ್ದನೆಯದು ಎಲ್ಲ ಗಾಡಿಗಳಲ್ಲೂ ಇರುವಂಥದ್ದೇ. ಅದರ ಪಕ್ಕದ ಎರಡು ಗಿಡ್ಡ ಕಡ್ಡಿಗಳು ಮಾತ್ರ ಗುಡ್ಡದ ದೇವಿ ಗಾಳೆಮ್ಮನವು. ಎರಡನ್ನೂ ಜೋಡಿಸಿ, ಅರಿಶಿನದ ದಾರ ಸುತ್ತಿ, ಮೇಲೆ ಕೆಂಪು ಬಟ್ಟೆ ಬಿಗಿದು ಗಂಟು ಹಾಕಿದ್ದರು. ಆಯುಧಪೂಜೆಯ ದಿನ ಮೊದಲ ಕುಂಕುಮ ಎಂಜಿನಿಗಲ್ಲ, ಈ ಗಂಟಿಗೆ. ಕೊಟ್ಟೂರು–ಹಡಗಲಿ ನಡುವೆ ಆ ಜೀಪು ಮಂದಿಯನ್ನು ಹೇರಿಕೊಂಡು ಓಡುತ್ತಿದ್ದ ಕಾಲದಲ್ಲಿ ಎಂಥ ಉಡಾಳ ಡ್ರೈವರಾದರೂ ಗಂಟು ಮುಟ್ಟಿ ಹಣೆಗೆ ಒತ್ತಿಕೊಂಡೇ ಚಾವಿ ತಿರುವುತ್ತಿದ್ದ.

ಪಂಪಜ್ಜಿಯ ಮೊಮ್ಮಗಳು ಸಂಗೀತಾ ಚಿಕ್ಕವಳಿದ್ದಾಗ ಒಮ್ಮೆ ಅದನ್ನು ಬಿಚ್ಚಲು ಹೋಗಿ ಅವ್ವ ಮರುಳಸಿದ್ದಮ್ಮನಿಂದ ಬೆನ್ನಿಗೆ ಸರಿಯಾಗಿ ಬಿಗಿಸಿಕೊಂಡಿದ್ದಳು.

"ಮುಟ್ಟಬ್ಯಾಡ! ಕೈ ಸೇದಿ ಹೋಗ್ತಾವ!"

"ಯಾಕ?"

"ಯಾಕಂದ್ರ ಅದು ಅಮ್ಮಂದು."

ಇದೂ ಒಂದು ಉತ್ತರವೇ? ಬೇರೆ ಮಕ್ಕಳಾಗಿದ್ದರೆ ಬೆನ್ನು ಸವರಿಕೊಂಡು ಸುಮ್ಮನಾಗುತ್ತಿದ್ದವು. ಸಂಗೀತಾ ಗೋಡೆ ಗಡಿಯಾರ ಬಿಚ್ಚಿದವಳು, ರೇಡಿಯೋ ಬಿಚ್ಚಿದವಳು, ಸೋದರಮಾವನ ಹೊಸ ಗಾಡಿಯ ಹಾರ್ನು ಬಿಚ್ಚಿ ಬೈಸಿಕೊಂಡವಳು. ಈಗ ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟುಕೊಂಡು, ನಟ್ಟು ಕೇಳಿ ಬಂದವರಿಗೆ "ಯಾವುದಕ್ಕ ಹಾಕ್ತೀರಿ, ಮೊದ್ಲಿಂದು ಯಾಕ ಹೋತು?" ಅಂತ ವಿಚಾರಣೆ ಮಾಡಿಯೇ ಕೊಡುತ್ತಾಳೆ. ನಟ್ಟು, ಬೋಲ್ಟು, ಬೇರಿಂಗು ಅಂತ ಅವಳು ಮೊದಲು ಕಲಿತದ್ದೆಲ್ಲ ಆ ಜೀಪಿನ ಅಡಿಯಲ್ಲಿ ಮಲಗಿ. ಅದರ ಮೈಯಲ್ಲಿ ಅವಳಿಗೆ ತಿಳಿಯದೆ ಉಳಿದದ್ದು ಆ ಗಂಟೊಂದೇ.

ಈ ವರ್ಷ ದೀಪಾವಳಿ ಮುಗಿದದ್ದೇ ಅಣ್ಣ ಕಾಂತೇಶ್ ಮೆಕ್ಕೆಜೋಳ ಒಕ್ಕುವ ಹೊಸ ಮಷೀನು ತಂದು ಅಂಗಳದಲ್ಲಿ ನಿಲ್ಲಿಸಿದ. ಅದಕ್ಕೆ ನೆರಳು ಬೇಕು. ನೆರಳಿರುವುದು ತಗಡಿನ ಕೊಟ್ಟಿಗೆಯಲ್ಲಿ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆಯಿಂದ ಜೀಪು ಮಲಗಿತ್ತು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು.

"ಗುಜರಿ ಅವಂಗ ಹೇಳಿಬಿಟ್ಟೀನಿ. ಸೋಮವಾರ ಬರ್ತಾನ" ಅಂದ ಕಾಂತೇಶ್, ಜೋಳದ ಚೀಲ ಇಳಿಸುತ್ತ.

ಸಂಗೀತಾ ಹೋಗಿ ಜೀಪಿಗೆ ಅಡ್ಡ ನಿಂತಳು. ಅಪ್ಪನಿಗೆ ಹೇಳೋಣವೆಂದರೆ ಉಚ್ಚಂಗೆಪ್ಪ ಕುರಿಹಿಂಡು ಹೊಡೆದುಕೊಂಡು ಹೊಳಲು ಕಡೆಯ ಹೊಲಗಳಲ್ಲಿ ಬೀಡು ಬಿಟ್ಟಿದ್ದ. ಇದ್ದಿದ್ದರೂ "ನೀವ್ ನೀವು ನೋಡ್ಕಳ್ರಿ" ಅನ್ನುವ ಪ್ರಾಣಿ ಅದು. ಅವಳು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು.

"ಐತಾರ ಕರೇಗುಡ್ಡಕ್ಕ ಹಳೇ ಜೀಪಿನ ಬಳಗದವರು ಬರಾಕತ್ಯಾರ. ಹರಪನಹಳ್ಳಿ ಭರತ್ ಕರದಾನ. ನಮ್ಮದೂ ಹತ್ತಿ ತುದಿ ಮುಟ್ಟಿದ್ರ, ಬಿಡ್ತೀಯೇನಣ್ಣಾ?"

ಕಾಂತೇಶ್ ನಕ್ಕ ನಗೆಗೆ ಕೋಳಿ ಹೆದರಿ ಸೀಟು ಬಿಟ್ಟು ಓಡಿತು. "ಇದು ಕೊಟ್ಟಿಗಿ ದಾಟಿದ್ರ ದೊಡ್ಡದು! ಆಗ್ಲೇಳು. ಹಿಂದಿನಿಂದ ನೂಕಂಗಿಲ್ಲ, ಮುಂದಿನಿಂದ ಹಗ್ಗ ಹಾಕಿ ಎಳಿಯಂಗಿಲ್ಲ. ತನ್ನ ಕಾಲಮ್ಯಾಲ ತಾನು ಹತ್ತಿದ್ರ, ಮಷೀನಿಗೆ ನಾನಾ ಬ್ಯಾರೆ ತಗಡು ಹೊಡಸ್ತೀನಿ. ಹತ್ತಲಿಲ್ಲ ಅಂದ್ರ ಸೋಮವಾರ ಅಳಾಕ ಬರಬ್ಯಾಡ."

ಕಾಂತೇಶ್ ಕೆಟ್ಟವನಲ್ಲ. ಮಷೀನಿಗೆ ಮಳೆ ಬಿದ್ದರೆ ಅನ್ನಕ್ಕೆ ಮಣ್ಣು ಬಿದ್ದಂತೆ ಅನ್ನುವ ಚಿಂತೆಯವನು, ಅಷ್ಟೆ. ಆದರೆ ಒಮ್ಮೆ ಬಾಯಿಂದ ಬಂದ ಮಾತನ್ನು ವಾಪಸು ನುಂಗುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮರುದಿನವೇ ಕೊಟ್ಟೂರಿನ ಮೆಕ್ಯಾನಿಕ್ ಓಬಳೇಶ ತನ್ನ ಪಾನಾಗಳ ಚೀಲ ಹೊತ್ತು ಬಂದ. ಭರತನ ಜೀಪನ್ನೂ, ಹಡಗಲಿಯ ಇನ್ನೊಂದು ಜೀಪನ್ನೂ ಅವನೇ ತಯಾರು ಮಾಡಿದ್ದ. ಅವು ಮದುವೆ ಗಂಡಿನ ಹಾಗೆ ಬಣ್ಣ ಬಳಿಸಿಕೊಂಡು ನಿಂತಿವೆ ಅಂತ ಹೇಳಿ ಸಂಗೀತಾಳ ಹೊಟ್ಟೆ ಉರಿಸಿದ. ಇಲ್ಲಿ ಬಣ್ಣದ ಮಾತೇ ಇಲ್ಲ. ಗಾಳಿ ಫಿಲ್ಟರಿನಲ್ಲಿ ಇಲಿಗೂಡು, ಡೀಸೆಲ್ ಟ್ಯಾಂಕಿನ ತಳದಲ್ಲಿ ಕೆಸರು, ಬ್ರೇಕು ಒತ್ತಿದರೆ ಪಾದ ನೆಲಕ್ಕೆ. ಇಬ್ಬರೂ ಟ್ಯಾಂಕು ತೊಳೆದರು, ಬ್ರೇಕಿನ ರಬ್ಬರು ಬದಲಿಸಿದರು, ಇಲಿಗೂಡು ಕಿತ್ತೆಸೆದರು. ಎಂಜಿನು ಮೂರು ಸಲ ಕೆಮ್ಮಿ, ನಾಲ್ಕನೆಯ ಸಲ ಕಪ್ಪು ಹೊಗೆ ಬಿಟ್ಟು ಎದ್ದಿತು. ಹಪ್ಪಳ ಒಣಗಿಸುತ್ತಿದ್ದ ಮರುಳಸಿದ್ದಮ್ಮ ಹೊಗೆಗೂ ಮಗಳಿಗೂ ಒಂದೇ ಉಸಿರಿನಲ್ಲಿ ಬೈದಳು.

ಇನ್ನು ಉಳಿದದ್ದು ನಾಲ್ಕೂ ಗಾಲಿ ಎಳೆಯಬೇಕು ಅನ್ನುವುದು. ಬಳಗದ ಕಟ್ಟಳೆಯೇ ಹಾಗೆ, ಯಾಕೆಂದರೆ ಕರೇಗುಡ್ಡದ ನಡುಮಧ್ಯೆ ಜಾರುಬಂಡೆ ಇದೆ. ಹಿಂದಿನ ಎರಡು ಗಾಲಿ ನಂಬಿಕೊಂಡು ಅದನ್ನು ಏರಿದ ಗಾಡಿ ಇಲ್ಲ. ಮುಂದಿನ ಗಾಲಿಗಳನ್ನು ಎಬ್ಬಿಸುವುದು ಆ ಗಿಡ್ಡ ಕಡ್ಡಿಗಳೇ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಓಬಳೇಶ ದೂರದಿಂದಲೇ ಕೈಮುಗಿದ. "ನಾನಂತೂ ಬಿಚ್ಚಂಗಿಲ್ಲ ತಂಗೀ. ನನಗೂ ಹೆಂಡ್ರು ಮಕ್ಕಳು ಅದಾರ."

ಮೊದಲು ಅಡಿಯಲ್ಲಿ ಏನಿದೆ ನೋಡೋಣ ಅಂತ ಸಂಗೀತಾ ಜೀಪಿನ ಕೆಳಗೆ ನುಸುಳಿದಳು. ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ ಜಾಗ. ಆದರೆ ಅಂಗಡಿ ಇಟ್ಟು ಕಣ್ಣು ಪಳಗಿದ ಮೇಲೆ ನೋಡುತ್ತಿರುವುದು ಇದೇ ಮೊದಲು. ಮುಂದಿನ ಎಕ್ಸೆಲ್ಲಿನ ಬಾಯಿಗೆ ಒಂದು ಡಬ್ಬಿಯ ಮುಚ್ಚಳ ಬಡಿದು ತಂತಿ ಸುತ್ತಿದ್ದರು.

"ಓಬಳೇಶಣ್ಣಾ, ಇಲ್ಲಿ ಬಾ. ಇಲ್ಲೇನೋ ಇರಬೇಕಿತ್ತಲ್ಲ?"

ಅವನೂ ಬಂದು ಮಲಗಿದ. "ಅಯ್ಯೋ ಶಿವನ! ಮುಂದಿನ ಶಾಫ್ಟೇ ಇಲ್ಲಲ್ಲವ್ವಾ!"

ಎಂಜಿನಿನ ಬಲವನ್ನು ಮುಂದಿನ ಗಾಲಿಗೆ ಮುಟ್ಟಿಸುವ ಉದ್ದನೆಯ ಉಕ್ಕಿನ ಕೊಳವೆ ಅದು. ಅದಿಲ್ಲದೆ ಗಿಡ್ಡ ಕಡ್ಡಿ ಎಳೆದರೂ ಮುಂದಿನ ಗಾಲಿ ಏಳುವುದಿಲ್ಲ. ಓಬಳೇಶ ಹೊಸಪೇಟೆ, ದಾವಣಗೆರೆ ಅಂತ ಗೊತ್ತಿದ್ದವರಿಗೆಲ್ಲ ಫೋನು ಹಚ್ಚಿದ. ಈ ಅಳತೆಯದು ಎಲ್ಲೂ ಇಲ್ಲ. ಹುಡುಕಿಸಿ ತರಿಸುವಷ್ಟು ದಿನವೂ ಇರಲಿಲ್ಲ. "ಮುಗೀತು ತಂಗೀ" ಅಂತ ಅವನು ಪಾನಾ ಒರೆಸಿ ಚೀಲಕ್ಕೆ ಹಾಕಿದ.

ಸಂಗೀತಾಳಿಗೆ ದುಃಖ ಬರಬೇಕಿತ್ತು. ಬಂದದ್ದು ಕುತೂಹಲ. ಕೆಲಸಕ್ಕೆ ಬಾರದ ಕಡ್ಡಿಗೆ ಅಷ್ಟೊಂದು ಕಾವಲು ಯಾಕೆ? ಮುಟ್ಟಿದರೂ ಏನೂ ಆಗದ ವಸ್ತುವನ್ನು ಮುಟ್ಟಬೇಡ ಅಂತ ಯಾರಾದರೂ ದೇವರ ಮೇಲೆ ಆಣೆ ಇಡಿಸುತ್ತಾರೆಯೇ? ಕೈಯ ಗ್ರೀಸು ಕೂಡ ಒರೆಸಿಕೊಳ್ಳದೆ ಅವಳು ಪಡಸಾಲೆಗೆ ನುಗ್ಗಿದಳು. ಪಂಪಜ್ಜಿ ಕಾಲು ಚಾಚಿಕೊಂಡು ಶೇಂಗಾ ಸುಲಿಯುತ್ತಿದ್ದಳು.

"ಅಜ್ಜೀ, ಆ ಗಂಟು ಕಟ್ಟಿದಾರು ಯಾರು? ಯಾಕ ಕಟ್ಟಿದ್ರು?"

ಅಜ್ಜಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ನಿಮ್ಮಜ್ಜ ಜಂಬಣ್ಣ ಕಟ್ಟಿದ. ಡ್ರೈವರುಗಳ ಕಾಟಕ್ಕ ಕಟ್ಟಿದ."

"ಅಮ್ಮನ ಅಪ್ಪಣಿ ಆಗಿತ್ತಂತಲ್ಲ?"

"ಎಲ್ಲೀ ಅಪ್ಪಣಿ! ಮಂದಿ ಹೇರ್ಕೊಂಡು ಸರ್ವಿಸ್ ಹೊಡಿಯಾಗ ಮುಂದಿನ ರಾಡು ಎಣ್ಣಿ ಭಾಳ ಕುಡಿತೈತಿ ಅಂತ ನಿಮ್ಮಜ್ಜ ಅದನ್ನ ಬಿಚ್ಚಿಟ್ಟ. ಬಿಚ್ಚಿದ ಮ್ಯಾಲ ಆ ಗಿಡ್ಡ ಗೇರು ಎಳಿಬಾರದು. ಇಪ್ಪತ್ತು ಮಂದಿ ತುಂಬ್ಕೊಂಡು ಏರಿನ್ಯಾಗ ಅದನ್ನ ಎಳದ್ರ ನಾಕೂ ಗಾಲಿಗೆ ಹಂಚೋ ಜೋರು ಎಲ್ಲಾ ಹಿಂದಿನ ಎಕ್ಸೆಲ್ ಮ್ಯಾಲ ಬಿದ್ದು ಪಟ್ ಅಂತ ಮುರಿತಿತ್ತು. ಎಳಿಬ್ಯಾಡ್ರಲೇ ಅಂದ್ರ ಕೇಳಿದ್ರಾ? ಇಟ್ಟಿಗಿ ಊರ ಹತ್ರ ಒಬ್ಬ ಮುರದ, ಕೂಡ್ಲಿಗಿ ಹತ್ರ ಇನ್ನೊಬ್ಬ ಮುರದ. ಜಂಬಣ್ಣನ ಮಾತು ಕೇಳದ ಮಕ್ಕಳು ಗಾಳೆಮ್ಮನ ಮಾತು ಕೇಳ್ತಾವ ಅಂತ ದಾರ ಸುತ್ತಿಬಿಟ್ಟ. ಅಲ್ಲಿಂದ ಒಂದರ ಮುರೀತಾ?"

ಸಂಗೀತಾ ಅಜ್ಜಿಯ ಎದುರು ನೆಲದ ಮೇಲೆ ಕೂತಳು. "ಇಷ್ಟು ವರ್ಷ ಯಾಕ ಹೇಳ್ಲಿಲ್ಲಜ್ಜೀ?"

"ನನ್ನ ಯಾರು ಕೇಳಿದ್ರಿ? ಎಲ್ಲಾರೂ ಕೈಮುಗುದ್ರಿ. ಮುಗಿಯೋ ಕೈನ ಯಾಕ ಬಿಡಸ್ಲಿ ಅಂತ ನಾನೂ ಮುಗುದೆ."

"ಹಂಗಾರ ಆ ರಾಡು ಎಲ್ಲೈತಿ?"

ಪಂಪಜ್ಜಿ ಮೊಮ್ಮಗಳನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಸಣ್ಣಾಕಿದ್ದಾಗಿಂದ ಅದನ್ನ ಬಡಕೋಂತ ಬಂದೀದಿ. ಗೊತ್ತಾಗ್ಲಿಲ್ಲೇನು? ಅಮ್ಮನ ಹೆಸರು ಸುಮ್ಮಸುಮ್ಮನ ಹೇಳೀನಿ ಅಂತ ನಿಮ್ಮಜ್ಜಗ ಹೆದರಿಕಿ ಬಂತು. ಆ ರಾಡು ತಗೊಂಡು ಹೋಗಿ ಗುಡಿ ಗಂಟಿ ಮಾಡಾಕ ಕೊಟ್ಟುಬಿಟ್ಟ."

ಕರೇಗುಡ್ಡದ ಬುಡದ ಗಾಳೆಮ್ಮನ ಗುಡಿ ಸಣ್ಣದು. ಮುಂದಿನ ಬೇವಿನ ಟೊಂಗೆಗೆ ಸರಪಳಿಯಲ್ಲಿ ತೂಗುಬಿಟ್ಟ ಉದ್ದನೆಯ ಕೊಳವೆಯೇ ಅದರ ಗಂಟೆ. ಕೆಳತುದಿಯ ಕವಲಿಗೆ ಕಲ್ಲಿನಿಂದ ಬಡಿದರೆ ಟಣ್ಣೆಂಬ ಸದ್ದು ಇಡೀ ಕಲ್ಲಹಳ್ಳಿಗೆ ಕೇಳುತ್ತದೆ. ಕೇಳಿದವರು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ ಕೈ ಹಣೆಗೆ ಹೋಗುತ್ತದೆ. ಎಣ್ಣೆ, ಅರಿಶಿನ, ಕುಂಕುಮ ಸೇರಿ ಕೊಳವೆಯ ಮೇಲೆ ಬೆರಳು ದಪ್ಪ ಕೂತಿತ್ತು. ಓಬಳೇಶ ಅಂಜುತ್ತಲೇ ಉಗುರಿನಿಂದ ಕೆರೆದು ನೋಡಿದ. ಒಳಗಿನ ಉಕ್ಕಿಗೆ ಒಂದು ಚೂರೂ ತುಕ್ಕಿಲ್ಲ.

ಸಿಕ್ಕಿತೇನೋ ಸರಿ, ದೇವಿಯ ಸೊತ್ತನ್ನು ಇಳಿಸುವುದು ಹೇಗೆ? ಪೂಜಾರಿ ಶಿವಯೋಗಪ್ಪ ಮೊದಲು ಕೆಂಡವಾದ, ಆಮೇಲೆ ಪಂಪಜ್ಜಿಯ ಮುಖ ನೋಡಿ ಸ್ವಲ್ಪ ತಣ್ಣಗಾದ. "ನಾನ್ಯಾರು ಕೊಡಾಕ? ಹೂ ಕೇಳ್ರಿ" ಅಂದ. ಅಮ್ಮನ ಎರಡು ಭುಜಕ್ಕೂ ನೀರು ಮುಟ್ಟಿಸಿದ ಸೇವಂತಿಗೆ ಅಂಟಿಸುತ್ತಾರೆ. ಕೇಳಿದ ಮಾತಿಗೆ ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಮ್ಮೆ ಇಲ್ಲ ಅಂದ ಮಾತನ್ನು ಮತ್ತೆ ಕೇಳುವಂತಿಲ್ಲ.

ಸುದ್ದಿ ಹಬ್ಬಿ ಅರ್ಧ ಊರೇ ಬಂದಿತ್ತು. ಕಾಂತೇಶನೂ ಬಂದು ಕಂಬಕ್ಕೆ ಒರಗಿದ್ದ. ಸಂಗೀತಾ ಮೊಣಕಾಲೂರಿ ಕೂತಳು.

"ಯವ್ವಾ, ನಿನ್ನ ಗಂಟಿ ನಮಗ ಕೊಡ್ತೀಯೇನು?"

ಹೂ ಅಲುಗಾಡಿತು. ಎಡಗಡೆಯದು ಜಾರಿ ಅಮ್ಮನ ಪಾದಕ್ಕೆ ಬಿತ್ತು.

ಸಂಗೀತಾಳ ಕಣ್ಣು ತುಂಬಿ ಬಂದವು. ಅಷ್ಟು ಜನರ ಎದುರು ಅಳಬಾರದೆಂದು ತುಟಿ ಕಚ್ಚಿದಳು. ಕಾಂತೇಶನಿಗೂ ಯಾಕೋ ಮುಖ ಎತ್ತಲಾಗಲಿಲ್ಲ. ಅಷ್ಟರಲ್ಲಿ ಪಂಪಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

"ಸರಿ ಆ ಕಡಿ. ಇಸ್ಕೊಂಡ ವಸ್ತು ಕೊಡು ಅಂದ್ರ ನಾನಾದ್ರೂ ಕೊಡ್ತಿದ್ದೆನಾ? ಇನ್ನೊಂದು ಹೂ ಇಡೋ ಶಿವಯೋಗಪ್ಪಾ." ಆಮೇಲೆ ನೆರೆಮನೆಯ ಹೆಂಗಸಿನ ಜೊತೆ ಮಾತಾಡುವ ಹಾಗೆ ಅಮ್ಮನನ್ನೇ ನೋಡಿ ಕೇಳಿದಳು: "ಏನವ್ವಾ, ಹುಟ್ಟಿದಾಗಿಂದ ಗುಡ್ಡದ ಬುಡದಾಗ ಕುಂತೀದಿ. ನಾನೂ ಹಂಗಾ ಕುಂತೀನಿ. ಮ್ಯಾಲೇನೈತಿ ಅಂತ ನಾನೂ ಕಂಡಿಲ್ಲ, ನೀನೂ ಕಂಡಿಲ್ಲ. ನನ್ನ ಗಂಡನ ಗಾಡಿಯಾಗ ಒಂದು ಸಲ ಹೋಗಿ ನೋಡ್ಕೊಂಡು ಬರಾಣು, ಬರ್ತೀಯೇನು?"

ಮಾತು ಮುಗಿದಿರಲಿಲ್ಲ. ಬಲಗಡೆಯ ಹೂ ಪಟ್ಟನೆ ಬಿತ್ತು.

"ಹೋ!" ಅಂತು ಊರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಶಿವಯೋಗಪ್ಪ ಬೆರಳೆತ್ತಿದ. "ಸೋಮವಾರ ಸಂಜಿ ಮಂಗಳಾರತಿಗೆ ಇಲ್ಲಿ ಗಂಟಿ ಇರಬೇಕು. ಇದಾರ ಆಗಲಿ, ಇನ್ನೊಂದಾರ ಆಗಲಿ."

ಭಾನುವಾರ ಬೆಳಿಗ್ಗೆ ಕರೇಗುಡ್ಡದ ಬುಡದಲ್ಲಿ ಒಂಬತ್ತು ಜೀಪುಗಳು ಸಾಲಾಗಿ ನಿಂತವು. ಎಂಟು ಫಳಫಳ, ಒಂದು ಪಂಪಜ್ಜಿಯದು. ಸಂಗೀತಾ ಹರಪನಹಳ್ಳಿಯಿಂದ ಎರಡೂ ತುದಿಯ ಕೀಲಿಗೆ ಹೊಸ ಕ್ರಾಸು ತರಿಸಿ, ಓಬಳೇಶನ ಜೊತೆ ಶಾಫ್ಟು ಕೂಡಿಸಿದ್ದಳು. ಅದರ ಮೇಲಿನ ಕುಂಕುಮವನ್ನು ಮಾತ್ರ ಇಬ್ಬರೂ ಒರೆಸಲಿಲ್ಲ. ಗಂಟು ಬಿಚ್ಚಿದ್ದು ಪಂಪಜ್ಜಿಯೇ. "ನನ್ನ ಗಂಡ ಕಟ್ಟಿದ್ದು, ನಾನಾ ಬಿಚ್ತೀನಿ" ಅಂತ ಹಲ್ಲಿನಿಂದ ದಾರ ಕಚ್ಚಿ ಹರಿದು, ಅದನ್ನು ಸೆರಗಿಗೆ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಭರತ್ ಬಂದು "ಅಜ್ಜಿ, ಹೆದ್ರಿಕೆ ಆಗಲ್ವಾ?" ಅಂದ. "ನಿನ್ನ ಗಾಡಿ ಬಣ್ಣ ಕಿತ್ತೀತು, ಅದನ್ನ ನೋಡ್ಕ ಹೋಗು" ಅಂದಳು.

ಅರ್ಧ ದಾರಿ ಸರಾಗವಾಯಿತು. ಜಾರುಬಂಡೆಯ ಹತ್ತಿರ ಮುಂದಿನ ಎರಡು ಜೀಪು ತಿಣುಕಾಡಿ ಏರಿದವು. ಸಂಗೀತಾಳ ಸರದಿ. ಕಾಂತೇಶ್ ಬಂಡೆಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ, ಯಾರಾದರೂ ನೂಕುತ್ತಾರೇನೋ ಅಂತ ಕಾಯುತ್ತ. ಅವಳು ಗಿಡ್ಡ ಕಡ್ಡಿಗೆ ಕೈ ಹಾಕಿದಳು. ಚಿಕ್ಕಂದಿನ ಹೊಡೆತ ಬೆನ್ನಿಗೆ ನೆನಪಾಗಿ ಕೈ ಒಂದು ಕ್ಷಣ ನಿಂತಿತು. "ಎಳಿಯೇ, ಅಮ್ಮ ಕುಂತಾಳ" ಅಂದಳು ಅಜ್ಜಿ. ಒಂದಾದ ಮೇಲೊಂದು ಎರಡನ್ನೂ ಎಳೆದಳು.

ಮುಂದಿನ ಗಾಲಿಗಳು ಕಲ್ಲನ್ನು ಕಚ್ಚಿದವು. ಜೀಪು ನಡುಗುತ್ತ, ಗೇಣು ಗೇಣು ಮೇಲೆ ಹೋಯಿತು. ನಡುಬಂಡೆಯಲ್ಲಿ ಒಮ್ಮೆ ಹಿಂದಕ್ಕೆ ಜಾರಿತು. ಸಂಗೀತಾ ಎಕ್ಸಿಲರೇಟರು ಇನ್ನಷ್ಟು ಒತ್ತಿದಳು. ನೂಕಲು ಓಡಿಬಂದ ಓಬಳೇಶನನ್ನು ಕಾಂತೇಶ್ ತೋಳು ಹಿಡಿದು ತಡೆದ. "ಮಾತು ಮಾತಲೇ!"

ಆಗಲೇ ಗಾಲಿಯಿಂದ ಸಿಡಿದ ಕಲ್ಲೊಂದು ಅಡಿಯ ಕೊಳವೆಗೆ ಬಡಿಯಿತು. ಟಣ್!

ಅದೇ ಸದ್ದು. ಎಂಜಿನಿನ ಆರ್ಭಟದ ನಡುವೆಯೂ ಗುಡ್ಡಕ್ಕೆಲ್ಲ ಕೇಳಿತು. ಮತ್ತೊಂದು ಕಲ್ಲು. ಟಣ್! ನೋಡಲು ಬಂದಿದ್ದ ಕಲ್ಲಹಳ್ಳಿಯವರ ಕೈಗಳು ತಾವಾಗಿಯೇ ಹಣೆಗೆ ಹೋದವು. ಜೀಪು ಬಂಡೆಯ ನೆತ್ತಿ ದಾಟಿ ಮರೆಯಾಗುವಾಗ ಸಂಗೀತಾ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು. ಕಾಂತೇಶ್ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ನಿಂತಿದ್ದ.

ತುದಿಯಲ್ಲಿ ಗಾಳಿಯೋ ಗಾಳಿ. ಪಂಪಜ್ಜಿ ಸೆರಗು ಬಿಗಿಹಿಡಿದು ಕೆಳಗಿನ ಕೆರೆ, ಜೋಳದ ರಾಶಿ, ಬೇವಿನ ಮರ ಎಲ್ಲವನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ ಜೀಪಿನ ಅಡಿಗೆ ಹೇಳಿದಳು, "ನೋಡಿದೇನವ್ವಾ? ನಮ್ಮೂರು ಇಷ್ಟಾ ಐತಿ."

ಸೋಮವಾರ ಹೇಳಿದ ಹಾಗೆ ಗುಜರಿಯವನ ಲಾರಿ ಬಂದು ಅಂಗಳದಲ್ಲಿ ನಿಂತಿತು. ಕಾಂತೇಶ್ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ. "ಇದರಾಗ ಗುಡಿ ಗಂಟಿ ಐತಿ, ಕೈ ಹಚ್ಚಬ್ಯಾಡ" ಅಂದವನೇ ಲಾರಿ ಹತ್ತಿ, ಹಳೆ ಕಬ್ಬಿಣವನ್ನೆಲ್ಲ ಒಂದೊಂದಾಗಿ ಕಲ್ಲಿನಿಂದ ಬಡಿದು ಕಿವಿಗೊಟ್ಟು ನೋಡತೊಡಗಿದ. ಸಂಗೀತಾ ಕೆಳಗೆ ನಿಂತು "ಅದಲ್ಲಣ್ಣಾ, ಆ ಕಡೀದು ಬಡಿ" ಅನ್ನುತ್ತಿದ್ದಳು. ಕೊನೆಗೆ ಒಂದು ರೈಲುಕಂಬಿಯ ತುಂಡು ಚೆನ್ನಾಗಿ ಸದ್ದು ಮಾಡಿತು. ಅಣ್ಣ ತಂಗಿ ಇಬ್ಬರೂ ಅದನ್ನು ಹೊತ್ತುಕೊಂಡು, ಮಂಗಳಾರತಿಗೆ ಮುಂಚೆ ಗುಡಿಯ ಕಡೆ ನಡೆದರು.