ಬಣ್ಣ ಕೊಡದ ಹರಳು

ಪ್ರಯೋಗಾಲಯದ ಮೇಲಿನ ಕಪಾಟಿನ ಹಿಂದಿನ ಸಾಲಿನಲ್ಲಿ ಆ ಸೀಸೆ ಸಿಕ್ಕಿತು. ಚೀಟಿಯ ಮೇಲೆ ತಾರೀಖು ಮಾತ್ರ ಉಳಿದಿತ್ತು; ಹೆಸರಿದ್ದ ಜಾಗವನ್ನು ಯಾವುದೋ ಆಮ್ಲದ ಆವಿ ತಿಂದುಹಾಕಿತ್ತು. ಅಂಕಿಗಳು ನನ್ನ ಗಂಡನವು. ಅವನ ಏಳು ಯಾವಾಗಲೂ ಹಿಂದಕ್ಕೆ ವಾಲುತ್ತಿತ್ತು.

ಅವನು ಜ್ವರದಿಂದ ತೀರಿಹೋಗಿ ಎಂಟು ತಿಂಗಳು. ಅದೇ ಜ್ವರ ನನ್ನನ್ನು ಬಿಟ್ಟು, ವಾಸನೆ ಗ್ರಹಿಸುವ ಶಕ್ತಿಯನ್ನಷ್ಟೇ ಒಯ್ದಿತು. ನಾನೂ ರಸಾಯನಶಾಸ್ತ್ರ ಓದಿದವಳಾದ್ದರಿಂದ ಅವನ ಕೆಲಸ ನನಗೆ ಬಂತು, ಅವನ ಮೇಜೂ ಬಂತು. ಆ ಪ್ರಯೋಗಾಲಯದ ಸ್ಟೋರನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವರು ಅವನ ತಾಯಿ, ನನ್ನ ಅತ್ತೆ. “ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡು ನಿನ್ನ ಸೊಸೆ,” ಎಂದು ಅವರ ತಂಗಿ ಅಡುಗೆಮನೆಯಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಅತ್ತೆ ಒಲೆಯ ಮೇಲಿನ ಹಾಲನ್ನು ಇಳಿಸಿದ್ದರು.

ಆ ದಿನ ಹಳೆಯ ಸೀಸೆಗಳ ವಿಲೇವಾರಿ. ನಾಲ್ಕಕ್ಕೆ ವ್ಯಾನ್ ಬರುವುದಿತ್ತು. ಹೆಸರಿಲ್ಲದ್ದೆಲ್ಲ ಅದರೊಳಕ್ಕೆ.

“ಇದೊಂದನ್ನ ಇಟ್ಕೊಳ್ಳಲಾ ಸರ್?” ಎಂದು ಮುಖ್ಯಸ್ಥರನ್ನು ಕೇಳಿದೆ.

“ಏನದು ಅಂತ ಸಾಬೀತು ಮಾಡಿ, ಇಟ್ಕೊಳ್ಳಿ. ಇಲ್ಲಾಂದ್ರೆ ನಾಲ್ಕು ಅಂದ್ರೆ ನಾಲ್ಕು.” ಅವರಿಗೆ ಗಡಿಯಾರ ಎಂದೇ ಅಡ್ಡಹೆಸರು.

ಅತ್ತೆ ಬಂದು ಮುಚ್ಚಳ ತೆಗೆದರು. ಅಂಗೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡು ಮುಚ್ಚಿಟ್ಟರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಗೊತ್ತಾಯ್ತಾ ಅತ್ತೆ?”

“ಆಯ್ತು.”

“ಹೇಳಿ ಮತ್ತೆ.”

“ಹೇಳಲ್ಲ. ಹೇಳಿದ್ರೆ ನೀನು ಅದನ್ನೇ ಹುಡುಕ್ತೀಯ, ಅದೇ ಸಿಗುತ್ತೆ. ನನ್ನ ಮೂಗನ್ನ ಕಿತ್ತು ರಿಜಿಸ್ಟರ್‌ಗೆ ಅಂಟಿಸೋಕಾಗುತ್ತಾ? ಮಾಡಮ್ಮ, ಎರಡು ಗಂಟೆ ಟೈಮಿದೆ.”

ಸ್ಟೋರಿಗೆ ಹೋಗಿಬಂದು, ಸ್ಟೂಲ್ ಎಳೆದುಕೊಂಡು ಟೆಸ್ಟ್ ಟ್ಯೂಬ್ ಒರೆಸುತ್ತ ಕುಳಿತರು.

ಬಿಳಿ ಹರಳು. ನೀರಿನಲ್ಲಿ ಕರಗಲಿಲ್ಲ. ಅಡುಗೆ ಸೋಡಾದ ದ್ರಾವಣದಲ್ಲೂ ಸುಮ್ಮನೆ ಬಿದ್ದಿತ್ತು, ಒಂದು ಗುಳ್ಳೆಯೂ ಏಳಲಿಲ್ಲ. ಕಾಸ್ಟಿಕ್ ಸೋಡಾದಲ್ಲಿ ಮಾತ್ರ ಮಾಯವಾಯಿತು. ಆಮ್ಲ ಬೆರೆಸಿದಾಗ ಮತ್ತೆ ಬೆಳ್ಳಗೆ ಹೊರಬಂತು. ಫೀನಾಲ್ ಎಂಬ ಜಾತಿಯ ವಸ್ತುಗಳ ನಡತೆ ಇದು. ಆಮ್ಲವೇ ಹೌದು, ಆದರೆ ಮೆದು ಸ್ವಭಾವದ್ದು. ಹಾಗಿದ್ದರೆ ಕಬ್ಬಿಣದ ಲವಣವಾದ ಫೆರಿಕ್ ಕ್ಲೋರೈಡಿನ ಹನಿ ಬಿದ್ದೊಡನೆ ನೇರಳೆ ಬಣ್ಣ ಬರಬೇಕು.

ಬರಲಿಲ್ಲ. ಮೂರು ಸಲ ಮಾಡಿದೆ. ಫೆರಿಕ್ ಕ್ಲೋರೈಡಿನದೇ ಹಳದಿ, ಅಷ್ಟೇ. ಫೀನಾಲ್ ಅಲ್ಲ ಎಂದು ಬರೆಯಲು ಪೆನ್ನು ತೆಗೆದೆ.

“ಕಾಸ್ಟಿಕ್‌ನಲ್ಲಿ ಕರಗಿತಾ?” ಅತ್ತೆ ತಲೆಯೆತ್ತಲಿಲ್ಲ.

“ಕರಗಿತು.”

“ಮತ್ತೆ? ಒಂದು ಬಣ್ಣ ಬರಲಿಲ್ಲ ಅಂತ ಮಿಕ್ಕಿದ್ದೆಲ್ಲ ಸುಳ್ಳಾ? ಅಷ್ಟು ವರ್ಷ ಓದಿ ಇದನ್ನೇ ಕಲಿತ್ಯಾ ತಾಯಿ? ಎಲ್ಲ ಫೀನಾಲೂ ನೇರಳೆ ಆಗಲ್ಲ. ಕೆಲವದರಲ್ಲಿ ಪಕ್ಕದಲ್ಲೇ ಪರಮಾಣುಗಳ ದಪ್ಪನೆಯ ಗುಂಪೊಂದು ಅಡ್ಡ ಕೂತಿರುತ್ತೆ, ಕಬ್ಬಿಣವನ್ನ ಹತ್ರ ಬಿಟ್ಕೊಳ್ಳಲ್ಲ. ಹಾಗಂತ ಒಳಗಿರೋದು ಎಲ್ಲಿಗೆ ಹೋಗುತ್ತೆ?”

ಅವರು ಓದಿದ್ದು ಹತ್ತನೆಯ ತರಗತಿ. ನಾನು ಪೆನ್ನು ಕೆಳಗಿಟ್ಟೆ.

ಕೂದಲೆಳೆಯಂಥ ಗಾಜಿನ ನಳಿಕೆಯಲ್ಲಿ ಹರಳಿನ ಪುಡಿ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ಎಣ್ಣೆಯಲ್ಲಿ ನಿಧಾನವಾಗಿ ಕಾಯಿಸಿದೆ. ಐವತ್ತು ಡಿಗ್ರಿಗೆ ಪುಡಿ ಬೆವತು, ತಿಳಿಯಾಯಿತು. ಕರಗುವ ಬಿಂದುಗಳ ಕೋಷ್ಟಕದಲ್ಲಿ ಅದರ ಆಸುಪಾಸು ಎರಡು ಹೆಸರುಗಳಿದ್ದವು.

“ಥೈಮಾಲ್ ಇರಬಹುದು,” ಎಂದೆ.

ಅತ್ತೆ ಏಪ್ರನ್ ಜೇಬಿನಿಂದ ಸೀಲು ಒಡೆಯದ ಥೈಮಾಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಎರಡು ಗಂಟೆಯಿಂದ ಅದು ಅಲ್ಲೇ ಇತ್ತು.

ಕೊನೆಯ ಪರೀಕ್ಷೆ ಸರಳ. ಎರಡು ಹರಳುಗಳನ್ನೂ ಬೆರೆಸಿ ಕರಗಿಸಬೇಕು. ಬೇರೆ ಬೇರೆಯಾಗಿದ್ದರೆ ಮಿಶ್ರಣ ಕಡಿಮೆ ಡಿಗ್ರಿಯಲ್ಲೇ ಸೋತು ಕರಗುತ್ತದೆ. ಒಂದೇ ಆಗಿದ್ದರೆ ಅದೇ ಐವತ್ತು ಡಿಗ್ರಿಯವರೆಗೂ ನಿಲ್ಲುತ್ತದೆ. ನಲವತ್ತೈದು ದಾಟಿತು. ನಲವತ್ತೆಂಟು ದಾಟಿತು. ಐವತ್ತಕ್ಕೆ ಕರಗಿತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮುಖ್ಯಸ್ಥರು ಓದಿ ಸಹಿ ಹಾಕಿದರು. “ಅಮ್ಮ, ನೀವೇನಾದ್ರೂ ಹೇಳಿಕೊಟ್ರಾ?”

“ನಾನಾ? ಯಾವ ವಸ್ತು ಅಂತ ಬಾಯಿ ಬಿಟ್ಟಿದ್ರೆ ಕೇಳಿ.”

ವ್ಯಾನ್ ಆ ಸೀಸೆಯಿಲ್ಲದೆ ಹೋಯಿತು. ತಾರೀಖು ಮುಚ್ಚದಂತೆ ಹೊಸ ಚೀಟಿಯನ್ನು ಕೆಳಗೆ ಅಂಟಿಸಿದೆ.

“ಓಮದ ಎಣ್ಣೆಯಿಂದ ತೆಗೆದಿದ್ದ,” ಎಂದರು ಅತ್ತೆ. “ಆ ವಾರ ಅವನ ಅಂಗಿಯೆಲ್ಲ ಅದೇ ವಾಸನೆ. ಒಗೆದು ಒಗೆದು ಸಾಕಾಗಿತ್ತು.”

ಆ ವಾಸನೆಯ ಪಕ್ಕದಲ್ಲಿ ಎರಡು ಗಂಟೆ ಕುಳಿತು ಅವರು ಟ್ಯೂಬ್ ಒರೆಸಿದ್ದರು. ಒಂದೂ ಕೈಜಾರಿರಲಿಲ್ಲ.

ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. “ಬಂತಾ?”

“ಇಲ್ಲ ಅತ್ತೆ.”

“ಸರಿ. ನಾಳೆ ನೋಡೋಣ.” ಮುಚ್ಚಳವನ್ನು ಎರಡು ಸಲ ಬಿಗಿದರು. “ಸಡಿಲ ಬಿಟ್ರೆ ಹಾರಿಹೋಗುತ್ತೆ.”